ಮೇಲಿನ ಮಹಡಿಯ ಭೋಗ್ಯ

ನಮ್ಮಪ್ಪ ಉಯಿಲು ಬರೆಸಿದ ದಿನ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ ಗಟ್ಟಿಯಾಗಿ ಓದಿದ್ದರು. ಗುಟ್ಟು ಅವರಿಗೆ ಒಗ್ಗದ ವಿಷಯ. ಜಯನಗರದಲ್ಲಿ ಮೂವತ್ತೈದು ವರ್ಷ ಸ್ಟೀಲ್ ಪಾತ್ರೆ ಅಂಗಡಿ ಇಟ್ಟವರು, ತೂಕ ಹಾಕುವಾಗ ತಕ್ಕಡಿಯನ್ನು ಗಿರಾಕಿಯ ಕಡೆಗೆ ತಿರುಗಿಸಿಯೇ ಹಾಕುತ್ತಿದ್ದರು. ಬನಶಂಕರಿಯ ಮೂರಂತಸ್ತಿನ ಮನೆ ಅವರ ನಂತರ ಅಮ್ಮನಿಗೆ. ಅವಳು ಇರುವಷ್ಟು ಕಾಲ ಅವಳೇ ಯಜಮಾನಿ, ಬಾಡಿಗೆ ಪೂರ್ತಿ ಅವಳದೇ. ಆದರೆ ಮನೆಯನ್ನು ಮಾರುವಂತಿಲ್ಲ, ಅಡಮಾನ ಇಡುವಂತಿಲ್ಲ. ಅವಳ ಕಾಲದ ನಂತರ ಕೆಳಗಿನ ಮನೆ, ನಡುವಿನ ಮನೆ ಅಣ್ಣನಿಗೆ, ಮೇಲಿನ ಮಹಡಿ ನನಗೆ.

ನನ್ನ ಹೆಸರು ಕೇಳಿದ್ದೇ ತಡ, ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದರು. ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೈಗಿಟ್ಟು, ಹಕ್ಕುಬಿಡುಗಡೆ ಪತ್ರಕ್ಕೆ ಸೈನ್ ಹಾಕಿಸಿಕೊಂಡು, ಹೊಸ ಸೀರೆ ಉಡಿಸಿ ಕಳಿಸುವುದು ನಮ್ಮ ಕಡೆಯ ರೂಢಿ. ಮನೆಯನ್ನೇ ಬರೆದುಕೊಡುವುದುಂಟೇ! ಅಪ್ಪ ಮಾತ್ರ ಕನ್ನಡಕ ಮೇಲೇರಿಸಿ, "ಅವಳಿಗೆ ನಿಲ್ಲೋಕೆ ಒಂದ್ ಜಾಗ ಬೇಕಲ್ಲಪ್ಪ" ಎಂದಷ್ಟೇ ಹೇಳಿ ಮುಂದೆ ಓದಿದರು.

ಅದು ನಿಜ. ನನಗೆ ಗಂಡ ಇಲ್ಲ. ಅಂದರೆ ಎಲ್ಲೋ ಇದ್ದಾನೆ, ಎಲ್ಲಿ ಎಂದು ಕೇಳಬೇಡಿ, ನಾನೂ ಕೇಳುವುದಿಲ್ಲ. ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ, ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿದ್ದೇನೆ. ಹದಿನೆಂಟು ವರ್ಷದಲ್ಲಿ ಆರು ಮನೆ ಬದಲಿಸಿದೆ. ಒಬ್ಬ ಓನರ್ ನೀರಿಗೆ ಜಗಳ ತೆಗೆದ, ಇನ್ನೊಬ್ಬ ಹತ್ತು ಗಂಟೆಗೆ ಗೇಟಿಗೆ ಬೀಗ ಹಾಕಿದ, ಮತ್ತೊಬ್ಬಳು ನನ್ನ ಹೊಲಿಗೆ ಮೆಷಿನ್ನಿನ ಸದ್ದಿಗೆ ತನಗೆ ಬಿಪಿ ಬಂತು ಎಂದಳು. ಪ್ರತಿಸಲ ಸಾಮಾನು ಕಟ್ಟುವಾಗಲೂ ನಾನು ಬನಶಂಕರಿಯ ಆ ಎರಡು ರೂಮು, ಒಂದು ಹಾಲು, ಮುಂದಿನ ಬಾಲ್ಕನಿ ನೆನೆದುಕೊಂಡೇ ಕಟ್ಟಿದ್ದೇನೆ. ನನಗೆ ಈ ಪ್ರಪಂಚದಲ್ಲಿ ಬರಬೇಕಾದದ್ದು ಅದೊಂದೇ.

ಉಯಿಲು ಬರೆದ ವಕೀಲರು ಅಪ್ಪನಿಗೆ ಇನ್ನೊಂದು ದಾರಿಯನ್ನೂ ಹೇಳಿದ್ದರಂತೆ. "ಒಂದು ಫ್ಯಾಮಿಲಿ ಟ್ರಸ್ಟ್ ಮಾಡ್ಬಿಡಿ ಸಾರ್. ಬಾಡಿಗೆ ಅದಕ್ಕೇ ಬೀಳ್ಲಿ, ನಿಮ್ಮನೆಯವರ ಆಸ್ಪತ್ರೆ ಗೀಸ್ಪತ್ರೆ ಖರ್ಚು ಅದ್ರಲ್ಲೇ ನಡೀಲಿ. ತೀರಾ ಕಷ್ಟ ಬಂದ್ರೆ ಒಂದು ಮಹಡಿ ಮಾರೋ ಅಧಿಕಾರಾನೂ ಟ್ರಸ್ಟಿಗೇ ಕೊಡಿ." ಅಪ್ಪ ನಕ್ಕುಬಿಟ್ಟರಂತೆ. "ಟ್ರಸ್ಟ್ ಎಲ್ಲ ಮಠದವರು, ಕಾಲೇಜ್ ನಡೆಸೋರು ಮಾಡ್ಕೊಳ್ಳೋದು ಸ್ವಾಮಿ. ಪಾತ್ರೆ ಅಂಗಡಿಯವನಿಗ್ಯಾಕೆ?" ಇದನ್ನು ಅವರು ನಮ್ಮ ಮುಂದೆ ತಮಾಷೆಯಾಗಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಅಪ್ಪ ಲಿಂಗೈಕ್ಯರಾದ ಮರುವರ್ಷ ಅಮ್ಮನಿಗೆ ಸ್ಟ್ರೋಕ್ ಆಯಿತು. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುತ್ತಾ ಕೂತವಳು ಹಾಗೇ ಬಲಕ್ಕೆ ವಾಲಿದಳು. ಹದಿನೆಂಟು ದಿನ ಐಸಿಯು. ಎಪ್ಪತ್ತು ದಾಟಿದವಳಿಗೆ ಇನ್ಶೂರೆನ್ಸ್ ಯಾರೂ ಮಾಡಿಸಿರಲಿಲ್ಲ. ಪಾತ್ರೆ ಅಂಗಡಿ ಅಪ್ಪ ಇದ್ದಾಗಲೇ ಮುಚ್ಚಿತ್ತು, ಅಣ್ಣನಿಗೆ ಒಂದು ಖಾಸಗಿ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಕೆಲಸ, ಬರುವ ಸಂಬಳ ಮಗಳ ಕಾಲೇಜಿಗೆ ಸರಿಹೋಗುತ್ತಿತ್ತು. ಆಸ್ಪತ್ರೆಯವರು ದಿನಾ ಸಂಜೆ ಕರೆದು ಬಿಲ್ಲು ಕೈಗಿಡುತ್ತಿದ್ದರು. ಅಣ್ಣ ಕಾರಿಡಾರಿನ ಕುರ್ಚಿಯಲ್ಲಿ ತಲೆ ಹಿಡಿದುಕೊಂಡು, "ಮಾರೋ ಹಾಗಿಲ್ಲ, ಬ್ಯಾಂಕಲ್ಲಿ ಇಡೋ ಹಾಗಿಲ್ಲ. ಅಪ್ಪ ಕೈ ಕಟ್ಟಿ ಹೋಗಿದ್ದಾರೆ ಕಣೇ" ಎಂದ.

"ಭೋಗ್ಯಕ್ಕೆ ಹಾಕು" ಎಂದೆ ನಾನು. ಈ ಮಾತು ಮೊದಲು ಬಂದದ್ದು ನನ್ನ ಬಾಯಿಂದಲೇ. ಅದನ್ನು ಆಮೇಲೆ ಮರೆತವಳ ಹಾಗೆ ಎಷ್ಟೇ ಆಡಿದರೂ ನಿಜ ಅದೇ.

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಭೋಗ್ಯ ಗೊತ್ತು. ಒಳಗೆ ಬರುವವನು ಒಂದೇ ಸಲಕ್ಕೆ ಇಷ್ಟು ಲಕ್ಷ ಎಂದು ಕೊಡುತ್ತಾನೆ, ತಿಂಗಳ ಬಾಡಿಗೆ ಇಲ್ಲದೆ ಇರುತ್ತಾನೆ, ಬಿಡುವ ದಿನ ಅಷ್ಟನ್ನೂ ಎಣಿಸಿಕೊಂಡು ಹೋಗುತ್ತಾನೆ. ನಮ್ಮಂಥವರ ಮನೆಗಳಲ್ಲಿ ಇದನ್ನು ಯಾರೂ ಸಾಲ ಎನ್ನುವುದಿಲ್ಲ. ಸಾಲಕ್ಕೆ ಬಡ್ಡಿ ಇರುತ್ತದೆ, ಇದಕ್ಕೆ ಎಲ್ಲಿದೆ? ಅಪ್ಪನೂ ಹಾಗೇ ತಿಳಿದಿದ್ದರು ಅನ್ನಿಸುತ್ತದೆ. ಅಡಮಾನ ಕೂಡದು ಎಂದು ಎರಡೆರಡು ಸಲ ಬರೆಸಿದವರು ಭೋಗ್ಯದ ಸುದ್ದಿಯನ್ನೇ ಎತ್ತಿರಲಿಲ್ಲ.

ಮೊದಲು ಅಣ್ಣನ ಪಾಲಿನ ನಡುವಿನ ಮಹಡಿಯನ್ನೇ ಹದಿನೈದು ಲಕ್ಷಕ್ಕೆ ಹಾಕಿದೆವು. ಆಸ್ಪತ್ರೆಯ ಬಾಕಿ ತೀರಿತು, ಉಳಿದದ್ದು ಅಮ್ಮನ ಆರೈಕೆಗೆ. ಅಮ್ಮ ಮನೆಗೆ ಬಂದಳು, ಬಲಗೈ ಬಲಗಾಲು ಬಿದ್ದುಹೋಗಿ, ನಾಲಿಗೆ ತೊದಲಾಗಿ. ಹಗಲಿಗೊಬ್ಬಳು ನರ್ಸು, ರಾತ್ರಿಗೊಬ್ಬಳು ಆಯಾ, ವಾರಕ್ಕೆ ಮೂರು ದಿನ ಫಿಸಿಯೋದವನು, ಮಾತ್ರೆ, ಡೈಪರು, ಗಾಳಿ ಹಾಸಿಗೆ. ಲಕ್ಷಗಳು ಬಂದಾಗ ನೆಮ್ಮದಿಯಾಗಿತ್ತು. ಆದರೆ ಭೋಗ್ಯಕ್ಕೆ ಹಾಕಿದ ಮೇಲೆ ಆ ಮಹಡಿಯಿಂದ ತಿಂಗಳ ಬಾಡಿಗೆ ನಿಂತುಹೋಯಿತಲ್ಲ, ಅದು ನಮಗೆ ತಲೆಗೇ ಹೊಳೆದಿರಲಿಲ್ಲ. ಎರಡು ವರ್ಷಕ್ಕೆ ದುಡ್ಡು ತಳ ಕಂಡಿತು. ಆಗ ನನ್ನ ಪಾಲಿನ ಮೇಲಿನ ಮಹಡಿಯನ್ನು ಹದಿನೆಂಟಕ್ಕೆ ಹಾಕಿದೆವು. ಅದರ ಬಾಡಿಗೆಯೂ ನಿಂತಿತು. ಅಣ್ಣ ಆಗ ಅಮ್ಮನ ಮಂಚದ ಪಕ್ಕ ನಿಂತು ಹೇಳಿದ್ದ, "ಮೂರು ವರ್ಷ ತಡ್ಕೋ. ಈ ಪಾರ್ಟಿ ಹೋದ್ಮೇಲೆ ನೀನೇ ಬಂದು ಇರು. ಅಮ್ಮ ಇದ್ರೂ ಸರಿ, ಇಲ್ದಿದ್ರೂ ಸರಿ."

ನಾನು ಆ ಮೂರು ವರ್ಷ ತಡೆದುಕೊಂಡೆ. ಕೊನೆಯಲ್ಲಿ ಬಿಟಿಎಂನ ಓನರ್ ಬಾಡಿಗೆ ಒಂದೇಟಿಗೆ ಮೂರು ಸಾವಿರ ಏರಿಸಿದ. "ಏರಿಸ್ಕೊಳ್ಳಿ ಅಂಕಲ್, ನಾನೇ ಹೊರಟೆ. ಬನಶಂಕರೀಲಿ ನಮ್ಮ ಸ್ವಂತ ಮನೆಗೆ" ಎಂದು ಮೆಟ್ಟಿಲ ಮೇಲೆ ನಾಲ್ಕು ಜನ ಕೇಳುವ ಹಾಗೆ ಹೇಳಿಬಿಟ್ಟೆ. ಆ ಮಾತಿನ ಸುಖಕ್ಕೆ ಒಂದು ವಾರ ನಿದ್ದೆ ಚೆನ್ನಾಗಿ ಬಂತು.

ಒಂದು ಶುಕ್ರವಾರ ಮಧ್ಯಾಹ್ನ ಅಣ್ಣ ಫೋನ್ ಮಾಡಿದ. "ಮೇಲಿನೋರು ಖಾಲಿ ಮಾಡ್ತಿದ್ದಾರೆ. ತಲಘಟ್ಟಪುರದ ಹತ್ರ ಫ್ಲಾಟ್ ತಗೊಂಡ್ರಂತೆ."

"ಹಾಗಾದ್ರೆ ನಾನು ಸಾಮಾನು ಕಟ್ಟಲಾ?" ಎಂದೆ, ಕತ್ತರಿ ಕೈಯಲ್ಲೇ ಹಿಡಿದು.

"ಅವ್ರ ಹದಿನೆಂಟು ವಾಪಸ್ ಕೊಡ್ಬೇಕಲ್ಲ. ಇನ್ನೊಂದು ಪಾರ್ಟಿ ಸಿಕ್ಕಿದೆ. ಇಪ್ಪತ್ನಾಲ್ಕು ಕೊಡ್ತಾರಂತೆ. ಭಾನುವಾರ ಬರ್ತಾರೆ. ನಿನ್ನ ಸೈನೂ ಬೇಕಂತೆ" ಎಂದ.

"ನನ್ನ ಸೈನ್ ಯಾಕೆ?"

"ಉಯಿಲು ನೋಡಿದ್ರು. ಅಮ್ಮ ಹೋದ್ಮೇಲೆ ಮಹಡಿ ನಿಂದು ತಾನೆ? ನಾಳೆ ದುಡ್ಡು ಕೊಡೋರು ಯಾರು ಅಂತ ಕೇಳ್ತಾರೆ. ಮಗಳೂ ಒಪ್ಪಿದ್ದಾಳೆ, ವಾಪಸ್ ಅವಳು ಕೊಡ್ತಾಳೆ ಅಂತ ಬರೀಬೇಕಂತೆ."

ಇಪ್ಪತ್ತನಾಲ್ಕು ಲಕ್ಷ ನಾನು ಕೊಡುವುದಂತೆ! ಬ್ಲೌಸಿಗೆ ಲೈನಿಂಗ್ ಸೇರಿಸಿ ಆರುನೂರು ತೆಗೆದುಕೊಳ್ಳುವವಳು ನಾನು. ಸೈನ್ ಹಾಕಿದರೆ ಆ ಹಣ ತೀರಿಸುವ ತನಕ ನನ್ನ ಮನೆಯ ಬಾಗಿಲು ನನಗೇ ತೆರೆಯುವುದಿಲ್ಲ. ಹಾಕದಿದ್ದರೆ ಆ ಜನ ಬರುವುದಿಲ್ಲ, ಹಳಬರಿಗೆ ಹಣ ಇಲ್ಲ, ಅಮ್ಮನ ನರ್ಸಿಗೂ ಇಲ್ಲ.

ಭಾನುವಾರ ಹತ್ತಕ್ಕೆ ಬಂದರೆ ಸಾಕಿತ್ತು, ನಾನು ಎಂಟಕ್ಕೇ ಹೋದೆ. ಜಗಳ ಆಡಬೇಕೆಂದೇ ಹೋದೆ. ಚಪ್ಪಲಿ ಬಿಡುತ್ತಲೇ ಶುರು ಮಾಡಿದೆ. "ಎಲ್ಲಿ ಹೋಯ್ತು ಹದಿನೆಂಟು ಲಕ್ಷ? ಮೂರು ವರ್ಷದಲ್ಲಿ ಅಷ್ಟೂ ನುಂಗೋಕೆ ಅಮ್ಮ ಏನು ಬಂಗಾರ ಅರೆದು ಕುಡೀತಾಳಾ? ನನ್ನ ಪಾಲನ್ನ ತಿಂದು ಕೂತಿದ್ದೀಯ ನೀನು."

ಅಣ್ಣ ಹಲ್ಲುಜ್ಜುತ್ತಿದ್ದವನು ಹಾಗೇ ಆಚೆ ಬಂದ. ಅವನಿಗೆ ಸಿಟ್ಟು ಬರುವುದು ಅಪರೂಪ, ಬಂದರೆ ಧ್ವನಿ ತಗ್ಗುತ್ತದೆ. "ನಿನ್ನ ಪಾಲು ಅಂತೀಯಾ? ನಡುವಿನ ಮಹಡೀಲಿ ಆಗ ಬಂದೋರು ಈಗಿಲ್ಲ. ಅವ್ರನ್ನ ಕಳಿಸಿ ಬೇರೆಯವ್ರನ್ನ ಹಾಕಿದ್ದೀನಿ. ಹದಿನೈದಕ್ಕೆ ಇದ್ದದ್ದು ಈಗ ಇಪ್ಪತ್ತೆರಡಾಗಿದೆ. ನಿಂಗೆ ಹೇಳ್ಲಿಲ್ಲ. ಹೇಳಿ ಏನ್ ಮಾಡ್ಲಿ, ನೀನು ತಂದ್ಕೊಡ್ತೀಯಾ?"

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ನೀವು ಭಾನುವಾರ ಬರ್ತೀರ. ಮಿಕ್ಕಿದ ಆರು ದಿನ ನಾವಿಲ್ಲೇ ಇರ್ತೀವಿ" ಎಂದು ಒಳಗೆ ಹೋದಳು. ಅವಳು ಐದು ವರ್ಷದಿಂದ ತವರಿಗೆ ಒಂದು ರಾತ್ರಿಯೂ ಹೋಗಿ ಉಳಿದಿಲ್ಲ ಎನ್ನುವುದು ನನಗೆ ಗೊತ್ತು. ಗೊತ್ತಿದ್ದೂ ಆ ಮಾತಿಗೆ ಮೈಯೆಲ್ಲ ಉರಿಯಿತು. ನಾನು ಹಾಲಿಗೆ ಹೋದೆ.

ಅಮ್ಮನ ಮಂಚ ಹಾಲಿನಲ್ಲೇ, ಕಿಟಕಿಯ ಪಕ್ಕ. ನರ್ಸು ಹುಡುಗಿ ಅವಳ ಹಣೆಗೆ ವಿಭೂತಿ ಇಟ್ಟು, ಎರಡು ದಿಂಬು ಒರಗಿಸಿ ಕೂರಿಸಿದ್ದಳು. ನಮ್ಮ ಜಗಳ ಅಷ್ಟೂ ಅವಳ ಕಿವಿಗೆ ಬಿದ್ದಿರಲೇಬೇಕು. ಆದರೆ ಐದು ವರ್ಷದಲ್ಲಿ ನಮಗೆ ಒಂದು ಕೆಟ್ಟ ಅಭ್ಯಾಸ ಬಂದಿತ್ತು, ಅವಳ ಮುಂದೆಯೇ ಅವಳ ಬಗ್ಗೆ ಮಾತಾಡುವುದು. ತೊದಲುತ್ತಾಳೆ ಎಂಬ ಒಂದೇ ಕಾರಣಕ್ಕೆ ಅವಳಿಗೆ ಕೇಳಿಸುವುದೂ ಇಲ್ಲ ಎಂದುಕೊಂಡುಬಿಟ್ಟಿದ್ದೆವು. "ಅಮ್ಮಾ, ತಿಂಡಿ ಆಯ್ತಾ?" ಎಂದೆ. ಅವಳು ನನ್ನನ್ನು ನೋಡಿದಳು, ತಲೆ ಆಡಿಸಲಿಲ್ಲ.

ಹತ್ತಕ್ಕೆ ಸರಿಯಾಗಿ ಬ್ರೋಕರ್ ಬಂದ, ಅವನ ಹಿಂದೆ ಗಂಡ ಹೆಂಡತಿ. ಇಬ್ಬರೂ ತ್ಯಾಗರಾಜನಗರದವರು, ಒಳ್ಳೆಯ ಜನದ ಹಾಗೆಯೇ ಕಂಡರು. ಅದೇ ನನಗೆ ಕಷ್ಟವಾಯಿತು. ಕೆಟ್ಟವರಾಗಿದ್ದರೆ ಬೈದು ಕಳಿಸಬಹುದಿತ್ತು. ನಾನೇ ಮಹಡಿ ಹತ್ತಿಸಿ ಮನೆ ತೋರಿಸಿದೆ. ಹೆಂಡತಿ ಬಾಲ್ಕನಿಯಲ್ಲಿ ನಿಂತು, "ಇಲ್ಲಿ ತುಳಸಿ ಇಡ್ಬಹುದಲ್ವಾ ಅಕ್ಕಾ?" ಎಂದು ಕೇಳಿದಳು. ನಾನು ಹೊಲಿಗೆ ಮೆಷಿನ್ ಇಡಬೇಕೆಂದುಕೊಂಡಿದ್ದ ಮೂಲೆ ಅದು. "ಇಡಿ, ಬಿಸಿಲು ಬೀಳುತ್ತೆ" ಎಂದೆ.

ಕೆಳಗೆ ಬಂದು ಹಾಲಿನಲ್ಲಿ ಕೂತೆವು. ಬ್ರೋಕರ್ ಛಾಪಾ ಕಾಗದದ ಮೇಲೆ ಟೈಪ್ ಮಾಡಿಸಿ ತಂದಿದ್ದ ಕರಾರನ್ನು ಓದಿದ. ಮೊತ್ತ ಬರೆದಿತ್ತು, ನನ್ನ ಹೆಸರು ಬರೆದಿತ್ತು, ವಾಪಸ್ ಕೊಡುವ ಹೊಣೆ ಬರೆದಿತ್ತು. ಅವಧಿಯ ಜಾಗ ಮಾತ್ರ ಖಾಲಿ ಬಿಟ್ಟಿದ್ದ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಹಳಬರಿಗೆ ಹದಿನೆಂಟು ಹೋದರೆ ಆರು ಉಳಿಯುತ್ತದೆ, ಆರು ಲಕ್ಷ ಎಂದರೆ ಅಮ್ಮನ ಒಂದು ವರ್ಷ. ಪಕ್ಕದಲ್ಲಿದ್ದ ಅಣ್ಣನಿಗೆ ಮೆಲ್ಲಗೆ, "ಅದು ಮುಗಿದ್ಮೇಲೆ?" ಎಂದೆ. "ಕೆಳಗಡೆ ಇದೆಯಲ್ಲ, ಇದೇ ಮನೆ" ಎಂದ ಅವನು, ಗೋಡೆ ನೋಡುತ್ತಾ. ಆಗ ಅವನೂ ಅತ್ತಿಗೆಯೂ ಅಮ್ಮನನ್ನು ಕರೆದುಕೊಂಡು ಎಲ್ಲಿಗೆ ಹೋಗುತ್ತಾರೆ ಎಂದು ನಾನು ಕೇಳಲಿಲ್ಲ.

"ಎಷ್ಟು ವರ್ಷಕ್ಕೆ ಹಾಕ್ಲಿ ಸಾರ್?" ಎಂದ ಬ್ರೋಕರ್.

"ಮಗಳು ಈಗ ಎಂಟನೇ ಕ್ಲಾಸು. ಮೂರಾದ್ರೂ ಕೊಡಿ. ಮಧ್ಯದಲ್ಲಿ ಎಬ್ಬಿಸ್ಬೇಡಿ, ಅಷ್ಟೇ ನಮ್ಮ ರಿಕ್ವೆಸ್ಟು" ಎಂದ ಆ ಗಂಡ.

ಅಣ್ಣ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ಮೂರೆಲ್ಲ ಬೇಡ. ಎರಡು ವರ್ಷಕ್ಕೆ ಮಾಡಿ. ಎರಡು ಸಾಕು."

"ಯಾಕ್ ಮೇಡಂ? ಎರಡು ವರ್ಷ ಆದ್ಮೇಲೆ ನಿಮ್ದೇನಾದ್ರೂ ಪ್ಲಾನ್ ಇದ್ಯಾ?"

ಪಾಪ, ಬ್ರೋಕರ್ ಸಹಜವಾಗಿ ಕೇಳಿದ. ನಾನು ಉತ್ತರ ಕೊಡಲು ಹೋದೆ. ಬಾಯಿಗೆ ಬಂದ ಮಾತು ಏನು ಎಂದು ನನಗೆ ಆಗಲೇ ತಿಳಿದದ್ದು. ಹೋದ ತಿಂಗಳು ಅಮ್ಮನನ್ನು ನೋಡಿದ ಡಾಕ್ಟರು ಅಣ್ಣನನ್ನೂ ನನ್ನನ್ನೂ ಆಚೆ ಕರೆದು, "ಹಾರ್ಟ್ ವೀಕಾಗಿದೆ, ಜಾಸ್ತಿ ಅಂದ್ರೆ ಎರಡು ವರ್ಷ" ಎಂದಿದ್ದರು. ನಾನು ಅದನ್ನೇ ಕರಾರಿನಲ್ಲಿ ಬರೆಸಲು ಹೊರಟಿದ್ದೆ. ಅಣ್ಣ ನನ್ನ ಮುಖ ನೋಡಿದ. ಅವನಿಗೆ ಅರ್ಥವಾಗಿತ್ತು. ಅತ್ತಿಗೆ ಕಾಫಿ ತಟ್ಟೆ ಹಿಡಿದು ನಿಂತಲ್ಲೇ ನಿಂತಳು. ಆ ಗಂಡ ಹೆಂಡತಿ ಮಂಚದ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು, ಅವರಿಗೂ ಗೊತ್ತಾಯಿತು. ಅಯ್ಯೋ ಶಿವನೇ, ನೆಲ ಬಿರಿದು ನನ್ನನ್ನು ನುಂಗಬಾರದೆ ಅನ್ನಿಸಿತು.

ಆಗ ಮಂಚದಿಂದ ಒಂದು ಸದ್ದು ಬಂತು. ಅಮ್ಮನ ಎಡಗೈ ಹೊದಿಕೆಯಿಂದ ಆಚೆ ಬಂದು ಮೇಲೆದ್ದಿತ್ತು. ಐದೂ ಬೆರಳು ಬಿಚ್ಚಿ ಹಿಡಿದಿದ್ದಳು.

"ನೀರು ಬೇಕಾ ಅಜ್ಜಿ?" ಎಂದು ನರ್ಸು ಎದ್ದಳು. ಅಮ್ಮ ತಲೆ ಅಡ್ಡಡ್ಡ ಆಡಿಸಿದಳು. "ಸೆಖೆನಾ? ಫ್ಯಾನ್ ಹಾಕ್ಲಾ?" ಅದೂ ಅಲ್ಲ. ಕೈ ಹಾಗೇ ಮೇಲೆ ನಿಂತಿತ್ತು, ಕೆಳಗಿಳಿಯಲಿಲ್ಲ. ಎಂಜಲು ನುಂಗಿ, ಉಸಿರು ಒಟ್ಟು ಮಾಡಿಕೊಂಡು ಅವಳು ಒಂದೊಂದೇ ಮಾತು ಆಚೆಗೆ ತಳ್ಳಿದಳು.

"ಐದು. ಐದ್ ವರ್ಸ ಹಾಕ್ಸು."

ಅವಳು ನನ್ನನ್ನೇ ನೋಡುತ್ತಿದ್ದಳು. ಬಾಯಿಯ ಒಂದು ಬದಿ ಸೊಟ್ಟಗಿತ್ತು, ಕಣ್ಣು ಮಾತ್ರ ನೆಟ್ಟಗೆ, ಚಿಕ್ಕವಳಿದ್ದಾಗ ನಾನು ಸುಳ್ಳು ಹೇಳಿ ಸಿಕ್ಕಿಬಿದ್ದಾಗ ನೋಡುತ್ತಿದ್ದ ಹಾಗೇ.

"ನಾನೆಲ್ಲಿಗೂ ಹೋಗಲ್ಲ" ಎಂದಳು.

ಬ್ರೋಕರ್, "ಐದಾದ್ರೆ ಪಾರ್ಟಿ ಇನ್ನೊಂದು ಲಕ್ಷ ಸೇರಿಸ್ಬಹುದು ಸಾರ್. ಇಪ್ಪತ್ತೈದು ಮಾಡ್ಸಿಕೊಡ್ತೀನಿ" ಎಂದ. ಅವನ ಕೆಲಸ ಅವನು ಮಾಡಿದ. ಆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಪ್ಪಿದರು. ಅಣ್ಣ ನನ್ನ ಕಡೆ ತಿರುಗಿ, "ನೀನು ಹೇಳು. ನೀನು ಒಪ್ದೆ ಇದ್ರೆ ಬೇಡ, ಕಳಿಸ್ಬಿಡೋಣ" ಎಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ನಾನು ಸುಳ್ಳು ಹೇಳುವುದಿಲ್ಲ. ಆ ಕ್ಷಣದಲ್ಲಿ ನನಗೆ ನಾಚಿಕೆ ಎಷ್ಟಾಯಿತೋ ಕೋಪವೂ ಅಷ್ಟೇ ಬಂತು. ಎಪ್ಪತ್ತೆಂಟು ವರ್ಷ, ಅರ್ಧ ಮೈಯೇ ಇಲ್ಲ, ಇನ್ನೂ ಐದು ವರ್ಷ ಬೇಕಂತೆ ಈ ಮುದುಕಿಗೆ ಎಂದು ಮನಸ್ಸು ಅಂದಿತು. ಅಂದದ್ದು ನನ್ನ ಮನಸ್ಸೇ, ಬೇರೆ ಯಾರದೂ ಅಲ್ಲ. ಮನೆ ಅವಳದು, ಅಪ್ಪ ಅವಳಿಗೇ ಬಿಟ್ಟುಹೋದದ್ದು. ಅವಳು ತನ್ನ ಪಾಲಿನ ದಿನಗಳನ್ನು ಕೇಳಿದರೆ ನನ್ನ ಪಾಲು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕುವ ಮಗಳು ನಾನು.

"ಐದೇ ಬರೀರಿ" ಎಂದೆ.

ಬ್ರೋಕರ್ ಬರೆದ. ನಾನು ಮೂರು ಕಡೆ ಸೈನ್ ಹಾಕಿದೆ. ನರ್ಸು ಅಮ್ಮನ ಎಡಗೈ ಹೆಬ್ಬೆರಳನ್ನು ಹಿಡಿಯಲು ಹೋದರೆ ಅಮ್ಮ ಬಿಡಿಸಿಕೊಂಡು, ತಾನೇ ಇಂಕ್ ಪ್ಯಾಡಿಗೆ ಒತ್ತಿ, ತಾನೇ ಕಾಗದದ ಮೇಲೆ ಒತ್ತಿದಳು. ಒತ್ತಿದ್ದು ಎಷ್ಟು ಜೋರಾಗಿತ್ತೆಂದರೆ ಬ್ರೋಕರ್, "ಸಾಕು ಅಜ್ಜಿ, ಸಾಕು" ಎಂದ.

ಎಲ್ಲರೂ ಎದ್ದ ಮೇಲೆ ಅಣ್ಣ ಗೇಟಿನ ತನಕ ಅವರನ್ನು ಕಳಿಸಲು ಹೋದ. ಅತ್ತಿಗೆ ರಾಗಿ ಗಂಜಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ನಾನು ಮಂಚದ ಅಂಚಿನಲ್ಲಿ ಕೂತು ಚಮಚದಲ್ಲಿ ತಿನ್ನಿಸತೊಡಗಿದೆ. ಅಮ್ಮನ ಕಡೆ ನೇರ ನೋಡಲು ಆಗದೆ ಬಟ್ಟಲನ್ನೇ ನೋಡುತ್ತಿದ್ದೆ. ಅರ್ಧ ಬಟ್ಟಲು ಮುಗಿದ ಮೇಲೆ ಅವಳು ಎಡಗೈಯಿಂದ ಚಮಚ ತಡೆದಳು.

"ಐದ್ ವರ್ಸಕ್ಕೆ ನಿಂಗೆ ವಯಸ್ಸೆಷ್ಟಾಗುತ್ತೆ?"

"ಅರವತ್ತೊಂದು."

ಅವಳು ಸ್ವಲ್ಪ ಹೊತ್ತು ಸೂರು ನೋಡಿದಳು. ಹುಬ್ಬು ಗಂಟು ಹಾಕಿದ್ದಳು, ಏನನ್ನೋ ಲೆಕ್ಕ ಮಾಡುತ್ತಿದ್ದಳು. ಆಮೇಲೆ ನನ್ನ ಮಂಡಿಯ ಮೇಲೆ ಕೈ ಇಟ್ಟು, ಒತ್ತಿ ನೋಡಿದಳು.

"ಎರಡು ಮಹಡಿ ಮೆಟ್ಲು ಐತಲ್ಲ. ಹತ್ತೋಕಾಗುತ್ತೇನೇ ನಿಂಗೆ?"

"ಹತ್ತೀನಿ" ಎಂದೆ. ಅಷ್ಟಕ್ಕೆ ಅಳು ಬಂದುಬಿಟ್ಟಿತು. ಬಟ್ಟಲು ಕೆಳಗಿಡಲೂ ಆಗಲಿಲ್ಲ, ಅವಳು ಬಾಯಿ ತೆರೆದುಕೊಂಡು ಮುಂದಿನ ಚಮಚಕ್ಕೆ ಕಾಯುತ್ತಿದ್ದಳು.